‘ಡ್ರೂಗ್’ ಎಂಬ ಪದ ಮತ್ತು ನಮ್ಮ ದುರ್ಗ



ಜೋಗಿಮಟ್ಟಿ ಎಂಬ ಹೆಸರನ್ನು ಬಿಡಿಸುವುದು ಸುಲಭ. ಜೋಗಿ ಎಂದರೆ ಯೋಗಿ, ಮಟ್ಟಿ ಎಂದರೆ ಗುಡ್ಡ. ಅದರ ನೆತ್ತಿಯಿಂದ ಕಾಣುವ ಊರನ್ನು ನಾವು ‘ದುರ್ಗ’ ಎಂದಷ್ಟೇ ಕರೆಯುತ್ತೇವೆ. ಆದರೆ ಈ ಎರಡಕ್ಷರದ ಪದ ದೇಶಾಂತರ ತಿರುಗಿದ ಕಥೆ ಸಣ್ಣದಲ್ಲ.

ದುರ್ಗ ಸಂಸ್ಕೃತದ ಪದ. ಹೋಗಲು ಕಷ್ಟವಾದದ್ದು ಎಂಬುದು ಅದರ ಮೂಲ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ: ನೀರು, ಬೆಟ್ಟ, ಮರಳುಗಾಡು ಮತ್ತು ಕಾಡಿನವು. ಅಂದರೆ ಗೋಡೆ ಕಟ್ಟುವ ಮೊದಲೇ ನೆಲವೇ ಕೋಟೆಯಾಗಿರಬೇಕು.

ಇಂಗ್ಲಿಷರ ಬಾಯಲ್ಲಿ ದುರ್ಗ ‘ಡ್ರೂಗ್’ ಆಯಿತು. ಚಿತ್ರಕಲ್‌ದುರ್ಗ ಎಂದೂ ಹೆಸರಿದ್ದ ನಮ್ಮ ಊರು ಅವರ ಕಾಗದಪತ್ರಗಳಲ್ಲಿ ‘ಚಿತಲ್‌ಡ್ರೂಗ್’ ಆಯಿತು. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನೂ ಡಿಸೆಂಬರ್‌ನಲ್ಲಿ ಸಾವನದುರ್ಗವನ್ನೂ ಕಾರ್ನ್‌ವಾಲಿಸನ ಸೈನ್ಯ ಗೆದ್ದಿತು. ಹೋಗಲಾಗದು ಎಂಬ ಹೆಸರು ಹೊತ್ತ ಕೋಟೆಗಳಿಗೇ ಹಗೆ ಹೊಕ್ಕಿತು! ಮುಂದೆ ಕೋಲಾರದ ಒಂದು ಚಿನ್ನದ ಗಣಿಗೂ ‘ನಂದಿಡ್ರೂಗ್’ ಎಂಬ ಹೆಸರು ಬಂತು.

ಪದ ಲಂಡನ್ನಿಗೂ ಹೋಯಿತು. 1755ರಲ್ಲಿ ಕೊಂಕಣ ಕರಾವಳಿಯ ಸುವರ್ಣದುರ್ಗವನ್ನು ಗೆದ್ದವನು ವಿಲಿಯಂ ಜೇಮ್ಸ್. ಅವನು ತೀರಿಕೊಂಡ ಮೇಲೆ ಹೆಂಡತಿ 1784ರಲ್ಲಿ ಅಲ್ಲಿನ ಶೂಟರ್ಸ್ ಹಿಲ್ ಗುಡ್ಡದ ಮೇಲೆ ಮೂರು ಮೂಲೆಯ ಗೋಪುರವನ್ನು ಕಟ್ಟಿಸಿದಳು. ಅದರ ಹೆಸರು ‘ಸೆವರ್ನ್‌ಡ್ರೂಗ್’. ಇಲ್ಲಿ ಜನರನ್ನು ಕಾಯುತ್ತಿದ್ದ ಪದ ಅಲ್ಲಿ ಗೆಲುವಿನ ಗುರುತಾಯಿತು, ವಿಧವೆಯೊಬ್ಬಳ ನೆನಪಿನ ಕಲ್ಲೂ ಆಯಿತು.

ಇಂಗ್ಲಿಷಿನಲ್ಲಿ ಇದೇ ಅಕ್ಷರಗಳ ಮತ್ತೊಂದು ‘ಡ್ರೂಗ್’ ಇದೆ. 1962ರಲ್ಲಿ ಆಂಥೊನಿ ಬರ್ಜೆಸ್ ತಮ್ಮ ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಗಾಗಿ ಅದನ್ನು ರಷ್ಯನ್ ಭಾಷೆಯಿಂದ ತಂದರು. ರಷ್ಯನ್ನಿನಲ್ಲಿ ಅದರ ಅರ್ಥ ಗೆಳೆಯ. ಆದರೆ ಆ ಕಾದಂಬರಿಯ ‘ಗೆಳೆಯರು’ ಇರುಳಲ್ಲಿ ಜನರನ್ನು ಹಿಂಸಿಸುವ ಪುಂಡರು. ಕೊನೆಗೆ ತಮ್ಮವನನ್ನೇ ಪೊಲೀಸರ ಕೈಗೆ ಬಿಟ್ಟು ಓಡುತ್ತಾರೆ. ಎರಡು ಪದಗಳು ಹುಟ್ಟಿದ ಮನೆ ಬೇರೆ ಬೇರೆ. ಆದರೂ ಅವನ್ನು ಒಟ್ಟಿಗೆ ಇಟ್ಟರೆ ಒಂದು ಪ್ರಶ್ನೆ ಏಳುತ್ತದೆ: ನಮ್ಮನ್ನು ಕಾಯುವುದು ಕಲ್ಲೋ, ಜೊತೆಗಿರುವವರೋ?

ಉತ್ತರ ನಮ್ಮ ದುರ್ಗದಲ್ಲೇ ಇದೆ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿತ್ತು. ಹೈದರಾಲಿಯ ಸೈನಿಕರು ಅದರಲ್ಲಿ ನುಸುಳಿದಾಗ, ಉಣ್ಣುತ್ತಿದ್ದ ಕಾವಲುಗಾರ ಗಂಡನನ್ನು ಎಬ್ಬಿಸದೆ ಓಬವ್ವ ಒನಕೆ ಹಿಡಿದು ನಿಂತಳೆಂದು ಜನ ನೆನೆಯುತ್ತಾರೆ. ಕಲ್ಲು ಬಿರುಕು ಬಿಟ್ಟಲ್ಲಿ ಕಾದದ್ದು ಒಬ್ಬ ಹೆಂಗಸಿನ ನಿಷ್ಠೆ. 1779ರಲ್ಲಿ ಹೈದರನಿಗೆ ಕೋಟೆ ಸೋತಿತು, ಮದಕರಿ ನಾಯಕ ಸೆರೆಯಾದ. ಕೋಟೆ ಸೋತರೂ ಓಬವ್ವನ ಹೆಸರು ಸೋಲಲಿಲ್ಲ.

ನಮ್ಮ ಬೈಬಲಿನ 46ನೆಯ ಕೀರ್ತನೆ ದೇವರನ್ನು ‘ಆಶ್ರಯದುರ್ಗ’ ಎನ್ನುತ್ತದೆ. ಹೋಗಲು ಕಷ್ಟವಾದದ್ದು ಎಂಬ ಪದಕ್ಕೆ ಆಶ್ರಯ ಸೇರಿದೊಡನೆ, ಓಡಿ ಬಂದವನಿಗೆ ಬಾಗಿಲು ತೆರೆದಂತಾಯಿತು. ನಮ್ಮ ಮನೆಗಳಿಗೂ ಇಂದು ಎತ್ತರದ ಕಾಂಪೌಂಡ್ ಗೋಡೆಗಳಿವೆ. ಕಷ್ಟದಲ್ಲಿರುವ ನೆರೆಯವರಿಗೆ ಅವು ಬರಿಯ ದುರ್ಗವೋ, ಆಶ್ರಯದುರ್ಗವೋ? ಮನೆಮಂದಿಯೆಲ್ಲ ಕೂತು ಒಮ್ಮೆ ಯೋಚಿಸೋಣ.