ಮಳೆಯ ಲೆಕ್ಕ, ಬೆಳೆಯ ಲೆಕ್ಕ

ಓದುಗರೇ, ಕಣೇಕಲ್ಲು ಸೀಮೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಊರಿಗೆ ದೊಡ್ಡ ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ. ಹಗರಿ ಎಂದು ನಾವು ಕರೆಯುವ ವೇದಾವತಿಯ ಆಸುಪಾಸಿನಲ್ಲಿ ಎರೆ ಹೊಲ. ರಾಯದುರ್ಗದ ಕಡೆ ಹೊರಟರೆ ಕೆಂಪು ಮಸಾರಿ. ನೆರೆಯ ಬೊಮ್ಮನಹಾಳ್ ಮಂಡಲದ ಗೋವಿಂದವಾಡ, ದರ್ಗಾ ಹೊನ್ನೂರಿನಲ್ಲಿ ಮರಳಿನ ದಿಬ್ಬಗಳು. ಮುಂಗಾರು ಗಾಳಿ ಹಗರಿಯ ಪಾತ್ರದ ಮರಳನ್ನು ಎತ್ತಿ ತಂದು ಹೊಲಗಳ ಮೇಲೆ ಸುರಿಯುತ್ತದೆ. ಇವೆಲ್ಲಕ್ಕೂ ಮೇಲಿರುವ ಮುಗಿಲು ಒಂದೇ. ಆದರೂ ಒಂದು ಹೊಲ ಬೆಳೆದ ವರ್ಷ ಇನ್ನೊಂದು ಹೊಲ ಬೆಳೆಯುವುದಿಲ್ಲ. ಒಂದೇ ಹೊಲದಲ್ಲಿ, ಅಷ್ಟೇ ಮಳೆ ಬಿದ್ದ ಎರಡು ವರ್ಷಗಳಲ್ಲಿ ಒಂದು ವರ್ಷ ಕಣ ತುಂಬಿದರೆ ಇನ್ನೊಂದು ವರ್ಷ ಬೀಜದ ಖರ್ಚೂ ಹುಟ್ಟುವುದಿಲ್ಲ. ಇದು ಏಕೆ ಎಂಬುದೇ ಈ ಲೇಖನದ ವಿಷಯ.

ಮೊದಲು ಸೀಮೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಈ ನಾಡೂ ಸೇರಿತ್ತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು; ರಾಯದುರ್ಗ ತಾಲೂಕು ಮಾತ್ರ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ನಮ್ಮ ತಾಲೂಕು ಅನಂತಪುರಕ್ಕೆ ಬಂತು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ, ಕಣೇಕಲ್ಲು ಅನಂತಪುರದಲ್ಲೇ ಇವೆ. ಗಡಿಗಳು ಹೀಗೆ ಹಲವು ಸಲ ಬದಲಾದವು. ಮಳೆ ಬದಲಾಗಲಿಲ್ಲ. ಪಶ್ಚಿಮ ಘಟ್ಟದ ಮಳೆ ಮರೆಯಲ್ಲಿರುವ ಈ ನೆಲಕ್ಕೆ ವರ್ಷದಲ್ಲಿ ಸರಾಸರಿ 550 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ 22 ಅಂಗುಲ, ಮಳೆ. ದೇಶದಲ್ಲೇ ಅತಿ ಕಡಿಮೆ ಮಳೆ ಕಾಣುವ ಜಿಲ್ಲೆಗಳಲ್ಲಿ ನಮ್ಮದೂ ಒಂದು.

ಇಂಥ ನೆಲದಲ್ಲಿ ಹಿಂದಿನವರು ಹೇಗೆ ಬದುಕಿದರು? 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡು ಚರಿತ್ರೆಗೆ ಸೇರಿದೆ. ಎರಡು ಮಳೆಗಾಲ ಪೂರ್ತಿ ಕೈಕೊಟ್ಟರೆ ಯಾವ ಜಾಣ್ಮೆಯೂ ನಿಲ್ಲದು. ಆದರೆ ಸಾಧಾರಣ ಬರಕ್ಕೆ ನಮ್ಮ ಹಿರಿಯರಲ್ಲಿ ಒಂದು ಉಪಾಯವಿತ್ತು. ಮಸಾರಿ ಹೊಲದಲ್ಲಿ ಒಂದೇ ಬೆಳೆ ಇಡುತ್ತಿರಲಿಲ್ಲ. ಸಜ್ಜೆ, ನವಣೆಯ ಜೊತೆಗೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹರಳು. ನವಣೆ ಮೂರು ತಿಂಗಳೊಳಗೆ ಮನೆಗೆ ಬರುತ್ತದೆ. ಸಜ್ಜೆ ನಡುವೆ ಬಾಡಿದರೂ ಮಳೆ ಬಿದ್ದೊಡನೆ ಬುಡದಿಂದ ಹೊಸ ತೆಂಡೆ ಒಡೆಯುತ್ತದೆ. ಜೋಳ ಎಲೆ ಸುರುಳಿ ಸುತ್ತಿಕೊಂಡು ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ತೊಗರಿ ಆಳಕ್ಕೆ ಬೇರು ಬಿಟ್ಟು ಹಿಂಗಾರು ಮಳೆಗೆ ಹೂ ಬಿಡುತ್ತದೆ. ಎಲ್ಲವೂ ಕೆಟ್ಟರೆ ಕೊನೆಗೆ ಹುರುಳಿ ಚೆಲ್ಲುವುದು ಇದ್ದೇ ಇತ್ತು. ಒಂದು ಹೊಲದ ಬೆಳೆಗಳು ಒಂದೊಂದು ಕಾಲಕ್ಕೆ ಹೂ ಬಿಡುತ್ತಿದ್ದುದರಿಂದ, ಮಳೆ ಯಾವ ಹದಿನೈದು ದಿನ ತಪ್ಪಿದರೂ ಹೊಲವೆಲ್ಲ ಒಟ್ಟಿಗೆ ಸಾಯುತ್ತಿರಲಿಲ್ಲ.

ಎರೆ ಹೊಲದ ರೀತಿ ಬೇರೆ. ಅಲ್ಲಿ ಮಳೆ ಮೊದಲು ನೆಲಕ್ಕೆ ಇಳಿಯಬೇಕು. ಹಿಂಗಾರಿ ಬೆಳೆ ಆ ಹಸಿಯ ಮೇಲೆ ಬದುಕುತ್ತದೆ. ಹಸಿ ಮುಗಿದಾಗ ನೆಲ ಬಿರಿದು ಬೇರುಗಳನ್ನೇ ಹರಿಯುತ್ತದೆ. ಈ ವಿಷಯದ ಶೋಧನೆಗೆ ಬಳ್ಳಾರಿಯ ಬಳಿಯ ಹಗರಿಯಲ್ಲಿ 1906ರಲ್ಲೇ ಕೃಷಿ ಕ್ಷೇತ್ರ ಸ್ಥಾಪನೆಯಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹತಕ್‌ಗಳ ಜೊತೆಗೆ ಹಗರಿಯನ್ನೂ ಒಣ ಬೇಸಾಯದ ಸಂಶೋಧನೆಗೆ ಆರಿಸಿದರು. ಆಗ ಹೊರಬಂದ ಸಲಹೆಗಳು ಸರಳವಾದವು: ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಬೀಜ ಕಡಿಮೆ ಬಿತ್ತಿ, ಸಾಲಿನ ನಡುವೆ ಅಂತರ ಬಿಡಿ, ಕುಂಟೆ ಹೊಡೆದು ಹಸಿ ಉಳಿಸಿ. ಗಿಡ ಕಡಿಮೆಯಿದ್ದರೆ ನೆಲದ ಹಸಿ ಕಾಳು ಕಟ್ಟುವ ದಿನದವರೆಗೂ ಉಳಿಯುತ್ತದೆ ಎಂಬುದೇ ಇದರ ತಿರುಳು. ಇಳುವರಿ ಹೆಚ್ಚಿದ್ದು ಸ್ವಲ್ಪವೇ. ಆದರೆ ಇದ್ದ ನೀರನ್ನು ಬೆಳೆಗೆ ಬೇಕಾದ ದಿನಕ್ಕೆ ಕಾಯ್ದಿಡುವುದು ಎಂಬ ಮಾತು ಅಲ್ಲಿ ಸ್ಪಷ್ಟವಾಯಿತು.

ಮುಂದೆ ಶೇಂಗಾದ ಕಾಲ ಬಂತು. ನಾವು ಶೇಂಗಾ ಎಂದರೆ ಮಡಕಶಿರದ ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ಎಣ್ಣೆಗೆ ಬೆಲೆ ಇತ್ತು, ಹೊಟ್ಟು ದನಕ್ಕೆ ಮೇವಾಯಿತು, ಕೆಂಪು ನೆಲಕ್ಕೆ ಗಿಡ ಒಗ್ಗಿತು. 1986ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಬಂದ ಮೇಲೆ ಇನ್ನೂ ಹಬ್ಬಿತು. ಒಂದು ಕಾಲಕ್ಕೆ ಜಿಲ್ಲೆಯಲ್ಲಿ ಏಳೆಂಟು ಲಕ್ಷ ಹೆಕ್ಟೇರ್ ಶೇಂಗಾ ಇತ್ತು. ಅದರಲ್ಲಿ ಬಹುಪಾಲು ಟಿಎಂವಿ-2 ಎಂಬ ಒಂದೇ ತಳಿ. 1940ರಲ್ಲಿ ತಿಂಡಿವನಂನಿಂದ ಹೊರಬಂದದ್ದು.

ಈ ಗಿಡದ ಸ್ವಭಾವವನ್ನು ನಮ್ಮ ಮಳೆಗಳ ಹೆಸರಿನಲ್ಲೇ ನೋಡಿ. ಪುನರ್ವಸು ಮಳೆಗೆ, ಅಂದರೆ ಜುಲೈ 6ರಿಂದ 19ರೊಳಗೆ, ಬಿತ್ತಿದಿರಿ ಎನ್ನೋಣ. ಇಪ್ಪತ್ತೈದು ಮೂವತ್ತು ದಿನಕ್ಕೆ ಹಳದಿ ಹೂ, ಆಗ ಆಶ್ಲೇಷ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಮೊಳೆ ಹೊರಟು ಮಣ್ಣಿಗೆ ಇಳಿಯಬೇಕು; ತೆಲುಗಿನಲ್ಲಿ ಅದಕ್ಕೆ ಊಡ ಎನ್ನುತ್ತಾರೆ. ಅದು ಹೆಚ್ಚಾಗಿ ಇಳಿಯುವುದು ಆಗಸ್ಟ್ 17ರಿಂದ 30ರವರೆಗಿನ ಮಘೆಯಲ್ಲಿ. ಆಗ ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಸೂಜಿ ಒಳಗೆ ಹೋಗದು. ಹೋದರೂ ಕಾಯಿಗೆ ಬೇಕಾದ ಸುಣ್ಣದ ಅಂಶ ಒಣ ಮಣ್ಣಿನಲ್ಲಿ ಕರಗಿ ಸಿಗದು, ಕಾಯಿ ಜೊಳ್ಳಾಗುತ್ತದೆ. ಕೃಷಿ ಇಲಾಖೆಯವರು ಆ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಎನ್ನುವುದು ಇದಕ್ಕೇ. ಹುಬ್ಬ, ಉತ್ತರೆ ಮಳೆಗಳು ಕಾಳು ತುಂಬುವ ಕಾಲ. ಆಗ ಬರ ಬಿದ್ದರೆ ತೂಕ ಹೋಗುವುದಲ್ಲದೆ, ಕಾದ ಮಣ್ಣಿನಲ್ಲಿ ಕಾಯಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷವೂ ಸೇರಬಹುದು.

ಇನ್ನೊಂದು ಸೋಜಿಗದ ಸಂಗತಿ ಕೇಳಿ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು 1980ರ ದಶಕದಲ್ಲಿ ಶೇಂಗಾಕ್ಕೆ ಬೇರೆ ಬೇರೆ ಹಂತದಲ್ಲಿ ನೀರು ನಿಲ್ಲಿಸಿ ನೋಡಿದರು. ಹೂವಿಗೆ ಮುಂಚೆ ನೀರಿನ ಕೊರತೆಯಾಗಿ, ಆಮೇಲೆ ನೀರು ಸಿಕ್ಕರೆ ಇಳುವರಿ ಕುಗ್ಗಲಿಲ್ಲ. ಕೆಲವೊಮ್ಮೆ ತುಸು ಹೆಚ್ಚೇ ಬಂತು. ಕಾಳು ತುಂಬುವಾಗಿನ ಕೊರತೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿತು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿದೆ. ಪ್ರಯೋಗ ಹೇಳಿದ ಮಾತಿಗೂ ಈ ಗಾದೆಗೂ ಹೆಚ್ಚು ದೂರವಿಲ್ಲ.

ಹೀಗಿರುವಾಗ ಲಕ್ಷಾಂತರ ಹೆಕ್ಟೇರ್ ಒಂದೇ ಗಿಡಕ್ಕೆ ಕೊಟ್ಟದ್ದರ ಅರ್ಥವೇನು? ಇಡೀ ಜಿಲ್ಲೆ ತನ್ನ ಅನ್ನವನ್ನು ಅದೇ ಐದಾರು ವಾರಗಳ ಮೇಲೆ ಇಟ್ಟಿತು. 2000ದ ಮುಂಗಾರಿನಲ್ಲಿ ಈ ಮಾತು ಇನ್ನೊಂದು ರೂಪದಲ್ಲಿ ಬಂತು. ಶೇಂಗಾದ ಕುಡಿ, ಕಾಂಡ ಕಪ್ಪಾಗಿ ಸಾಯತೊಡಗಿದವು. ಸುಮಾರು 2,25,000 ಹೆಕ್ಟೇರ್ ಬೆಳೆ ಹಾಳಾಯಿತು. ನಷ್ಟ 300 ಕೋಟಿ ರೂಪಾಯಿಗೂ ಮೇಲೆ. ತಂಬಾಕಿನ ಗೆರೆ ರೋಗದ ವೈರಸ್ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡುಹಿಡಿದರು. ಬದುವಿನ ಮೇಲಿನ ಕಾಂಗ್ರೆಸ್ ಗಿಡದಲ್ಲಿ ಈ ವೈರಸ್ ಮನೆ ಮಾಡಿರುತ್ತದೆ; ಅದರ ಹೂಪುಡಿಯನ್ನು ಥ್ರಿಪ್ಸ್ ಎಂಬ ನುಸಿ ಹೊತ್ತು ಶೇಂಗಾದ ಮೇಲೆ ಹಾಕುತ್ತದೆ. ಆಮೇಲೆ ಬಂದ ಸಲಹೆ ಏನು ಗೊತ್ತೇ? ಹೊಲದ ಸುತ್ತ ನಾಲ್ಕು ಸಾಲು ಜೋಳ ಇಲ್ಲವೇ ಸಜ್ಜೆ ಬಿತ್ತಿ, ಗಾಳಿಗೆ ಬರುವ ನುಸಿಯನ್ನು ಅವು ತಡೆಯುತ್ತವೆ ಎಂದು. ಹೊಲದಿಂದ ಹೊರಗೆ ಹಾಕಿದ ಬೆಳೆಯನ್ನು ಕಾವಲಿಗೆ ಮತ್ತೆ ಕರೆಯಬೇಕಾಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬೆಳೆಸಾಲದ ಅರ್ಜಿಯಲ್ಲಿ ಬೆಳೆಯ ಹೆಸರು, ಎಕರೆ, ರೂಪಾಯಿ ಬರೆಯಲು ಅಂಕಣಗಳಿದ್ದವು. ಹೂ ಬಿಟ್ಟ ವಾರ ಮಳೆ ಬಂತೇ ಎಂದು ಬರೆಯಲು ಅಂಕಣವಿರಲಿಲ್ಲ. 1985ರಲ್ಲಿ ಸಾಲಕ್ಕೆ ಜೋಡಿಸಿದ ಬೆಳೆ ವಿಮೆ ಬಂದಾಗಲೂ ಪರಿಹಾರ ನಿಂತದ್ದು ಇಡೀ ಪ್ರದೇಶದ ಸರಾಸರಿ ಇಳುವರಿಯ ಮೇಲೆ. ಮಳೆಯನ್ನೇ ಅಳೆದು ವಿಮೆ ಕೊಡಬಹುದೆಂದು ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು 1920ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದರು. ಹವಾಮಾನ ಆಧರಿಸಿದ ವಿಮೆ ದೇಶದಲ್ಲಿ ನಡೆಗೆ ಬಂದದ್ದು 2003ರ ನಂತರ. ಅಲ್ಲಿಯೂ ಒಟ್ಟು ಮಳೆಯನ್ನಷ್ಟೇ ಕೂಡಿದರೆ ಸಾಲದು. ಜೂನ್‌ನಲ್ಲಿ ಸುರಿದ ನಾಲ್ಕು ಅಂಗುಲ ಮಘೆಯ ಒಂದು ಅಂಗುಲಕ್ಕೆ ಸಮನಾಗದು.

ಈಗ ದಾರಿಗಳು ಇಲ್ಲದೆ ಇಲ್ಲ. ಬರ ತಾಳುವ, ಬೇಗ ಬಲಿಯುವ ಐಸಿಜಿವಿ 91114 ತಳಿ 2006ರಲ್ಲಿ ಬಿಡುಗಡೆಯಾಯಿತು; ಕದಿರಿ ಸಂಶೋಧನಾ ಕೇಂದ್ರದ ತಳಿಗಳೂ ಹೊಲಕ್ಕೆ ಬಂದಿವೆ. ಏಳು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಎಂಬ ಶಿಫಾರಸು ನಮ್ಮ ಹಳೆಯ ಅಕ್ಕಡಿಯ ತಮ್ಮನೇ. ಶೇಂಗಾದ ವಿಸ್ತೀರ್ಣ ಈಚಿನ ವರ್ಷಗಳಲ್ಲಿ ಇಳಿದಿದೆ. ಕಣೇಕಲ್ಲಿನ ಗದ್ದೆಯವರು ತುಂಗಭದ್ರಾ ಮೇಲ್ಮಟ್ಟದ ಕಾಲುವೆಯನ್ನು ನಂಬಿ ಭತ್ತ ಹಾಕುತ್ತಾರೆ. ಕಾಲುವೆಯ ನೀರೂ ತೆನೆ ಹೊರಡುವ ವಾರಕ್ಕೆ ಬಂದರೆ ಮಾತ್ರ ನೀರು. ತಡವಾದರೆ ಗದ್ದೆಗೂ ಮಸಾರಿಗೂ ಒಂದೇ ಗತಿ.

ಓದುಗರೇ, ನಿಮ್ಮ ಮನೆಯಲ್ಲಿ ಹೊಲವಿದ್ದರೆ ಒಂದು ಸಣ್ಣ ಪುಸ್ತಕ ಇಡಿ. ಬಿತ್ತಿದ ತಾರೀಕು, ಮೊದಲ ಹೂ ಕಂಡ ತಾರೀಕು, ಮಳೆ ಬಿದ್ದ ತಾರೀಕು, ಕೊನೆಗೆ ಬಂದ ಚೀಲ, ಇಷ್ಟು ಬರೆದರೆ ಸಾಕು. ಐದು ವರ್ಷದ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಮುಂದಿನ ಪುನರ್ವಸುವಿಗೆ ಕೂರಿಗೆಯಲ್ಲಿ ಯಾವ ಬೀಜ ಹಾಕಬೇಕು, ಎಷ್ಟು ಸಾಲು ತೊಗರಿಗೆ ಬಿಡಬೇಕು ಎಂಬುದನ್ನು ನಿಮ್ಮ ಹೊಲವೇ ನಿಮಗೆ ತಿಳಿಸುತ್ತದೆ.