ಗಾಳಿ ತಡೆಯುವ ಬಟ್ಟೆ: ನಾಗಪುರದ ಹತ್ತಿಯಿಂದ ಸಾಫ್ಟ್‌ಶೆಲ್ ಜಾಕೆಟ್‌ವರೆಗೆ

ನಾಗಪುರ ಎಂದ ಕೂಡಲೇ ನೆನಪಾಗುವುದು ಕಿತ್ತಳೆ ಮತ್ತು ಬಿಸಿಲು. ಮೇ ತಿಂಗಳಲ್ಲಿ ಪಾದರಸ 47 ಡಿಗ್ರಿ ದಾಟಿದ ಊರಿನಲ್ಲಿ ಗಾಳಿ ತಡೆಯುವ ಜಾಕೆಟ್ ಯಾರಿಗೆ ಬೇಕು ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಇದೇ ಊರಿನಲ್ಲಿ 2018ರ ಡಿಸೆಂಬರ್ 29ರಂದು ಉಷ್ಣಾಂಶ 3.5 ಡಿಗ್ರಿಗೆ ಇಳಿದಿತ್ತು. ಅಲ್ಲಿಂದ ತಾಡೋಬಾದ ಹುಲಿ ನೋಡಲು ಹೋಗುವವರು ಚಳಿಗಾಲದ ನಸುಕಿನಲ್ಲಿ ತೆರೆದ ಜಿಪ್ಸಿ ಹತ್ತುತ್ತಾರೆ. ವಸತಿಗೃಹದಿಂದ ಕಾಡಿನ ದ್ವಾರದವರೆಗಿನ ಡಾಂಬರು ರಸ್ತೆಯಲ್ಲಿ ಗಾಡಿ ವೇಗ ಹಿಡಿದಾಗ, ಅಜ್ಜಿ ಹೆಣೆದ ದಪ್ಪ ಸ್ವೆಟರ್ ತೊಟ್ಟವರೂ ಹಲ್ಲು ಕಟಕಟಿಸುತ್ತಾರೆ. ಪಕ್ಕದಲ್ಲಿ ಅದರ ಅರ್ಧದಷ್ಟೂ ದಪ್ಪವಿಲ್ಲದ ಜಾಕೆಟ್ ತೊಟ್ಟವರು ಆರಾಮಾಗಿ ಕುಳಿತಿರುತ್ತಾರೆ.

ಸ್ವೆಟರ್ ಸೋಲುವುದು ದಪ್ಪ ಸಾಲದೆ ಅಲ್ಲ, ಸಂದು ಹೆಚ್ಚಾಗಿ. ಮೈಯನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಕೊಂಡು ನಿಂತ ಗಾಳಿ. ಹೊರಗಿನ ಗಾಳಿ ಹೆಣಿಗೆಯ ಕಣ್ಣುಗಳ ಮೂಲಕ ನುಗ್ಗಿ ಆ ಬೆಚ್ಚನೆಯ ಗಾಳಿಯನ್ನು ಹೊಡೆದೋಡಿಸಿದರೆ ಉಣ್ಣೆ ಎಷ್ಟಿದ್ದರೂ ವ್ಯರ್ಥ. ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್. ಎರಡನೇ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಂಟಾರ್ಕ್ಟಿಕಾದಲ್ಲಿ ಅವರು ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ನೀರು ತುಂಬಿ ಗಾಳಿಗೆ ನೇತುಹಾಕಿ, ಅದು ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆದರು. ಇಂದು ಬಳಕೆಯಲ್ಲಿರುವ ಸೂತ್ರ 2001ರಲ್ಲಿ ಪರಿಷ್ಕೃತಗೊಂಡದ್ದು. ಅದರ ಪ್ರಕಾರ 8 ಡಿಗ್ರಿಯ ಮುಂಜಾವಿನಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿಗೆ ಒಡ್ಡಿಕೊಂಡ ಚರ್ಮಕ್ಕೆ ಅದು ಸುಮಾರು 3 ಡಿಗ್ರಿಯಂತೆ ತಟ್ಟುತ್ತದೆ.

ನಮ್ಮ ಕುರುಬರಿಗೆ ಈ ಸೂತ್ರ ಬೇಕಿರಲಿಲ್ಲ. ದಖನ್ನಿನ ಕುರಿಯ ಒರಟು ಉಣ್ಣೆಯಿಂದ ನೇಯ್ದ ಕರಿ ಕಂಬಳಿಗೆ ಚಿತ್ರದುರ್ಗದ ಕಡೆಯ ನೇಕಾರರು ಹುಣಸೆ ಬೀಜದ ಸರಿ ಕುಡಿಸುತ್ತಾರೆ. ಅದು ನೂಲಿನ ರೋಮಗಳನ್ನು ಒಂದಕ್ಕೊಂದು ಅಂಟಿಸಿ ಸಂದು ಮುಚ್ಚುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಬಯಲಲ್ಲಿ ನಿಂತವನಿಗೆ ಗಾಳಿಯೂ ಮಳೆಯೂ ಅಷ್ಟಾಗಿ ತಾಗದು. ಕಷ್ಟವೆಂದರೆ ಅದರ ಭಾರ. ಹಗುರವಾಗಿದ್ದೂ ಗಾಳಿ ತಡೆಯಬೇಕಾದರೆ ಸಣ್ಣ ನೂಲನ್ನು ಒತ್ತೊತ್ತಾಗಿ ನೇಯಬೇಕು. ಸಣ್ಣ ನೂಲು ಬೇಕಾದರೆ ಉದ್ದನೆಯ ಎಳೆ ಬೇಕು. ನಾಗಪುರ ಮತ್ತು ಧಾರವಾಡ ಎರಡೂ ಈ ಕಥೆಯೊಳಗೆ ಬರುವುದು ಇಲ್ಲಿಂದ.

ಎಳೆಯ ಉದ್ದ ಎಂಬ ಬೇಲಿ

ನೂಲು ಎಂದರೆ ಹೊಸೆದ ಎಳೆಗಳ ಕಟ್ಟು. ಎಳೆ ಉದ್ದವಿದ್ದರೆ ಕಡಿಮೆ ಎಳೆಗಳೇ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹಾಗಾಗಿ ನೂಲು ಸಣ್ಣದಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಎಳೆ ಗಿಡ್ಡವಾದರೆ ಹೆಚ್ಚು ಎಳೆಗಳನ್ನು ಸೇರಿಸಬೇಕು, ಇಲ್ಲದಿದ್ದರೆ ಮಗ್ಗದ ಎಳೆತಕ್ಕೆ ನೂಲು ಕಡಿಯುತ್ತದೆ. ವಿದರ್ಭದ ಕಪ್ಪು ನೆಲದಲ್ಲಿ ಶತಮಾನಗಳಿಂದ ಬೆಳೆಯುತ್ತಿದ್ದ ದೇಸಿ ಹತ್ತಿ ಬರ ತಡೆಯುತ್ತಿತ್ತು, ಕೀಟಗಳಿಗೂ ಜಗ್ಗುತ್ತಿರಲಿಲ್ಲ. ಆದರೆ ಅದರ ಎಳೆ ಸಾಮಾನ್ಯವಾಗಿ ಗಿಡ್ಡ. ಹಿಂಗಣಘಾಟ್ ಸುತ್ತಿನ ಹತ್ತಿ ದೇಸಿ ತಳಿಗಳಲ್ಲೇ ಉತ್ತಮವೆಂದು ಹೆಸರು ಮಾಡಿತ್ತಾದರೂ ಲಂಕಾಶೈರ್‌ನ ಗಿರಣಿಗಳು ಬಯಸುತ್ತಿದ್ದುದು ಅಮೆರಿಕದ ಉದ್ದನೆಯ ಎಳೆಯನ್ನು.

ಈ ಬಯಕೆ ಮೊದಲು ತಟ್ಟಿದ್ದು ಧಾರವಾಡವನ್ನು. 1840ರ ದಶಕದಲ್ಲಿ ಅಲ್ಲಿನ ಕಲೆಕ್ಟರ್ ಶಾ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ರೈತರಿಗೆ ಹಂಚಿದರು. ಇಂಡಿಯಾದ ಬೇರೆ ಹಲವು ಕಡೆ ಇಂಥ ಪ್ರಯೋಗ ಕೈಕೊಟ್ಟರೂ ಧಾರವಾಡ ಸೀಮೆಯಲ್ಲಿ ಗಿಡ ಬೇರುಬಿಟ್ಟಿತು. 'ಧಾರವಾಡ ಅಮೆರಿಕನ್' ಎಂಬ ಹೆಸರು ಲಿವರ್‌ಪೂಲಿನ ಪೇಟೆಯವರೆಗೆ ಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ, ಧಾರವಾಡದ ಅರಳೆಯನ್ನು ಹಡಗಿಗೇರಿಸಲು ಕಾರವಾರದ ಬಂದರನ್ನೂ ಘಟ್ಟದ ರಸ್ತೆಯನ್ನೂ ಬೆಳೆಸಬೇಕೆಂದು ಮ್ಯಾಂಚೆಸ್ಟರ್‌ನ ವರ್ತಕರು ಸರ್ಕಾರದ ಬೆನ್ನುಬಿದ್ದರು. ವಿದರ್ಭದಲ್ಲಿ ಇದೇ ಕೆಲಸ ಮಾಡಿದ್ದು ರೈಲು. 1867ರಲ್ಲಿ ಮುಂಬಯಿಯ ಹಳಿ ನಾಗಪುರ ಮುಟ್ಟಿತು.

ಆ ಹಳಿಯ ಮೇಲೆ ಹತ್ತಿ ಹೊರಗೆ ಹೋಗುತ್ತಿದ್ದ ಹೊತ್ತಿನಲ್ಲೇ ಜಮ್‌ಸೆಟ್‌ಜಿ ಟಾಟಾ ಗಿರಣಿಯನ್ನು ಹತ್ತಿಯ ಬಳಿಗೆ ತಂದರು. ಕಂಪನಿ ಹುಟ್ಟಿದ್ದು 1874ರಲ್ಲಿ, ಬಂಡವಾಳ 15 ಲಕ್ಷ ರೂಪಾಯಿ. ಜುಮ್ಮಾ ತಲಾವ್ ದಂಡೆಯ ಜವುಗು ನೆಲಕ್ಕೆ ಮಣ್ಣು ತುಂಬಿಸುತ್ತಿದ್ದಾಗ ಊರಿನ ಸಾಹುಕಾರರೊಬ್ಬರು, ಚಿನ್ನವನ್ನು ಮಣ್ಣಿಗೆ ಹಾಕುವವರಿಗೆ ಸಾಲ ಕೊಡಲಾರೆ ಎಂದರಂತೆ. ಮುಂದೆ, ಆತ ಮಣ್ಣು ಹಾಕಿ ಚಿನ್ನ ತೆಗೆದ ಎಂದು ಅವರೇ ಒಪ್ಪಿಕೊಂಡರಂತೆ. 1877ರ ಜನವರಿ 1ರಂದು, ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಇಂಡಿಯಾದ ಸಾಮ್ರಾಜ್ಞಿ ಎಂದು ಸಾರಿದ ದಿನವೇ, ಗಿರಣಿ ತೆರೆಯಿತು. ಅದಕ್ಕೆ ಬಿದ್ದ ಹೆಸರು ಎಂಪ್ರೆಸ್ ಮಿಲ್ಸ್. ಲಂಕಾಶೈರ್ ಹಳೆಯ ಮ್ಯೂಲ್ ಯಂತ್ರವನ್ನು ಬಿಡಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ, 1883ರ ಹೊತ್ತಿಗೇ ಇಲ್ಲಿ ರಿಂಗ್ ಕದಿರುಗಳ ಪ್ರಯೋಗ ನಡೆದಿತ್ತು. 1886ರಲ್ಲಿ ಕಾರ್ಮಿಕರಿಗೆ ಪಿಂಚಣಿ ನಿಧಿಯೂ ಬಂತು.

ಯಂತ್ರ ಹೊಸದಾಗಿದ್ದರೂ ಬೇಲಿ ಹಾಗೇ ಉಳಿಯಿತು. ಹತ್ತಿಯ ಎಳೆ ಗಿಡ್ಡವಾದ್ದರಿಂದ ಇಂಡಿಯಾದ ಗಿರಣಿಗಳು ಬಹುಪಾಲು ದಪ್ಪ ನೂಲನ್ನೇ ತೆಗೆಯುತ್ತಿದ್ದವು. ಅದರ ಮೇಲೆ ಕಾನೂನಿನ ಬೇಲಿಯೂ ಬಂತು. 1894ರಲ್ಲಿ ಸರ್ಕಾರ ಇಂಡಿಯಾದ ಗಿರಣಿಗಳ 20ನೇ ನಂಬರಿಗಿಂತ ಸಣ್ಣ ನೂಲಿನ ಮೇಲೆ ಶೇ. 5ರ ಅಬಕಾರಿ ಸುಂಕ ಹೇರಿತು. ಆ ಬಗೆಯ ನೂಲು ಲಂಕಾಶೈರ್ ಮಾರುವ ಸರಕು, ಅದಕ್ಕೆ ಇಲ್ಲಿಂದ ಪೈಪೋಟಿ ಆಗಬಾರದು ಎಂಬುದು ಅದರ ಹಿಂದಿನ ಒತ್ತಡ. ಎರಡು ವರ್ಷದ ನಂತರ ಅದು ಗಿರಣಿ ಬಟ್ಟೆಯ ಮೇಲಿನ ಶೇ. 3.5ರ ಸುಂಕವಾಯಿತು. ಗಾಳಿ ತಡೆಯುವ ಹಗುರ ಬಟ್ಟೆಗೆ ಬೇಕಾದ ಸಣ್ಣ ನೂಲು ಹೀಗೆ ಹತ್ತಿಯ ನಾಡಿಗೇ ಎರಡು ಕಡೆಯಿಂದ ದೂರವಾಯಿತು.

ಎವರೆಸ್ಟ್ ಏರಿದ ಹತ್ತಿ

ಅತ್ತ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ ಥಾಮಸ್ ಬರ್ಬೆರಿ ಎಂಬ ಬಟ್ಟೆ ವ್ಯಾಪಾರಿ 1879ರಲ್ಲಿ ಗ್ಯಾಬರ್ಡೀನ್ ರೂಪಿಸಿದ್ದ. ನೇಯ್ದ ಮೇಲೆ ಅಲ್ಲ, ನೇಯುವ ಮೊದಲೇ ನೂಲಿಗೆ ನೀರು ಅಂಟದ ಲೇಪ ಕೊಟ್ಟು, ಓರೆಗೆರೆಯ ಬಿಗಿ ನೇಯ್ಗೆಯಲ್ಲಿ ತೆಗೆದ ಬಟ್ಟೆ ಅದು. ಅದಕ್ಕೂ ಹಿಂದಿನ ರಬ್ಬರು ಮೆತ್ತಿದ ಕೋಟುಗಳು ಗಾಳಿ ತಡೆಯುತ್ತಿದ್ದವು, ಆದರೆ ಬೆವರನ್ನೂ ಒಳಗೇ ಕೂಡಿಹಾಕುತ್ತಿದ್ದವು. ಗ್ಯಾಬರ್ಡೀನ್ ಬೆವರಿನ ಆವಿಯನ್ನು ಹೊರಗೆ ಬಿಡುತ್ತಿತ್ತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡದ ಬಳಿ ಅದಿತ್ತು. 1924ರಲ್ಲಿ ಎವರೆಸ್ಟ್ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ಮೈಮೇಲೂ ರೇಷ್ಮೆ, ಹತ್ತಿ, ಉಣ್ಣೆಯ ಪದರಗಳ ಹೊರಗೆ ಗ್ಯಾಬರ್ಡೀನ್ ಇತ್ತು. 1933ರ ಎವರೆಸ್ಟ್ ತಂಡ ತೊಟ್ಟದ್ದು ಗ್ರೆನ್‌ಫೆಲ್ ಬಟ್ಟೆ. ಅದು ಲಂಕಾಶೈರ್‌ನ ಬರ್ನ್‌ಲಿಯಲ್ಲಿ ಈಜಿಪ್ಟಿನ ಉದ್ದನೆಳೆ ಹತ್ತಿಯಿಂದ ನೇಯ್ದದ್ದು.

ಈ ದಾರಿಯ ಕೊನೆಯ ಮೆಟ್ಟಿಲು ವೆಂಟೈಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್ ಅದನ್ನು ಸಿದ್ಧಗೊಳಿಸಿತು. ಉತ್ತರದ ಹಿಮಸಾಗರದಲ್ಲಿ ಹಡಗುಗಳ ಕಾವಲಿಗೆ ಹಾರುತ್ತಿದ್ದ ಪೈಲಟ್‌ಗಳು ವಿಮಾನ ಉರುಳಿ ನೀರಿಗೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಸಾಯುತ್ತಿದ್ದರು. ವೆಂಟೈಲ್‌ಗೆ ಆರಿಸಿದ್ದು ಅತಿ ಉದ್ದ ಎಳೆಯ ಹತ್ತಿ, ನೇಯ್ಗೆ ಅತಿ ಒತ್ತು. ಒದ್ದೆಯಾದೊಡನೆ ಹತ್ತಿಯ ಎಳೆ ಉಬ್ಬಿಕೊಂಡು ಉಳಿದ ಸಂದನ್ನೂ ಮುಚ್ಚುತ್ತದೆ. ಈ ಉಡುಪು ನೀರಿಗೆ ಬಿದ್ದವರ ಬದುಕಿನ ಅವಧಿಯನ್ನು ಸುಮಾರು 20 ನಿಮಿಷಕ್ಕೆ ಹಿಗ್ಗಿಸಿತು. ದೋಣಿಯೊಂದು ಹುಡುಕಿ ಬರಲು ಅಷ್ಟು ಸಮಯ ಎಷ್ಟೋ ಸಲ ಸಾಕಾಗುತ್ತಿತ್ತು.

ಹತ್ತಿ ತನ್ನ ಶಿಖರ ಮುಟ್ಟುತ್ತಿದ್ದ ಹೊತ್ತಿಗೇ ಅದನ್ನು ಸೋಲಿಸುವ ಎಳೆ ಅಲ್ಲೇ ಹತ್ತಿರದಲ್ಲಿ ಹುಟ್ಟಿತು. ಮ್ಯಾಂಚೆಸ್ಟರ್‌ನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ಗಾಗಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿಗಳಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಟೆರಿಲೀನ್ ಕಂಡುಹಿಡಿದರು. ನಮ್ಮ ಹಿರಿಯರ ಟೆರಿಲೀನ್ ಅಂಗಿ, ಇಂದಿನ ಪಾಲಿಯೆಸ್ಟರ್ ಎಲ್ಲ ಅದೇ. ಹತ್ತಿಯ ಎಳೆ ಮಿಲಿಮೀಟರುಗಳ ಲೆಕ್ಕದ್ದು. ಪಾಲಿಯೆಸ್ಟರ್ ಎಳೆಯನ್ನು ಬೇಕಾದರೆ ಕಿಲೋಮೀಟರುಗಟ್ಟಲೆ ತುಂಡಾಗದಂತೆ ಎಳೆಯಬಹುದು. ಧಾರವಾಡದ ಕಲೆಕ್ಟರ್ ಹುಡುಕಿದ, ಸುಂಕದ ಕಾನೂನು ಕಾದ ಆ ಉದ್ದದ ಪ್ರಶ್ನೆಯೇ ಇಲ್ಲವಾಯಿತು.

ಸಾಫ್ಟ್‌ಶೆಲ್ ಎಂದರೆ ಏನು, ಹೇಗೆ ಆರಿಸುವುದು

1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ರಪ್ಪನೆ ಎಳೆದು, ನೀರಹನಿ ತೂರದ ಆದರೆ ಆವಿ ದಾಟುವ ತೆಳು ಪೊರೆ ಮಾಡಿದರು. 1976ರಿಂದ ಆ ಪೊರೆಯ ಮಳೆಕೋಟುಗಳು ಪೇಟೆಗೆ ಬಂದವು. ಅವು ಗಡುಸು, ಸರಸರ ಸದ್ದಿನವು. ಹೊರಚಿಪ್ಪಿನಂತೆ ಇರುತ್ತಿದ್ದುದರಿಂದ ಹಾರ್ಡ್‌ಶೆಲ್. ಬೆಟ್ಟ ಹತ್ತುವವರಿಗೆ ಬಹಳಷ್ಟು ದಿನ ಬೇಕಾದದ್ದು ಮಳೆಕೋಟಲ್ಲ. ಗಾಳಿ ತಡೆದು, ಮೈಯೊಂದಿಗೆ ಬಾಗಿ, ಬೆವರು ಹೊರಬಿಡುವ ಬಟ್ಟೆ. 1990ರ ದಶಕದಿಂದ ಬೇರೂರಿದ ಸಾಫ್ಟ್‌ಶೆಲ್ ಇದಕ್ಕೆ ಸಿಕ್ಕ ಉತ್ತರ: ಹೊರಗೆ ಹಿಗ್ಗುವ ಒತ್ತು ನೇಯ್ಗೆ, ಒಳಗೆ ಮೃದುವಾದ ಉಣ್ಣೆಯಂಥ ಮೈ. ಅಂದರೆ ಗ್ಯಾಬರ್ಡೀನಿನ ಹಳೆಯ ತರ್ಕಕ್ಕೇ ಹೊಸ ಎಳೆ.

ಪೇಟೆಯಲ್ಲಿ ಇದು ಎರಡು ಬಗೆಯಲ್ಲಿ ಸಿಗುತ್ತದೆ. ಪದರಗಳ ನಡುವೆ ಪೊರೆ ಇರುವುದು ಗಾಳಿಯನ್ನು ಪೂರ್ತಿ ತಡೆಯುತ್ತದೆ. ಜಿಪ್ಸಿಯಲ್ಲಿ ಅಲುಗಾಡದೆ ಕೂರುವವರಿಗೆ, ಬೈಕಿನಲ್ಲಿ ಹೋಗುವವರಿಗೆ ಅದು ಸರಿ. ಪೊರೆ ಇಲ್ಲದೆ ಬರೀ ಬಿಗಿ ನೇಯ್ಗೆಯಿಂದ ಆದದ್ದು ಸ್ವಲ್ಪ ಗಾಳಿ ಬಿಡುತ್ತದೆ. ಬೆಟ್ಟ ಏರುವವರಿಗೆ, ಓಡುವವರಿಗೆ, ಸೈಕಲ್ ತುಳಿಯುವವರಿಗೆ ಅದೇ ಮೇಲು, ಏಕೆಂದರೆ ಅವರ ಶತ್ರು ಗಾಳಿಗಿಂತ ಹೆಚ್ಚಾಗಿ ಒಳಗೆ ನಿಲ್ಲುವ ಬೆವರು. ನಾಗಪುರದಲ್ಲಿ ನಸುಕಿಗೆ 8 ಡಿಗ್ರಿ ಇದ್ದದ್ದು ಮಧ್ಯಾಹ್ನ 28ಕ್ಕೆ ಏರುವುದರಿಂದ, ಒಂದೇ ದಪ್ಪ ಜಾಕೆಟ್‌ಗಿಂತ ತೆಳುವಾದ ಗಾಳಿತಡೆ ಜಾಕೆಟ್ ಮತ್ತು ಅದರೊಳಗೆ ಬೇಕೆನಿಸಿದಾಗ ಕಳಚಬಹುದಾದ ಸ್ವೆಟರ್ ಜಾಣತನ. ಅಜ್ಜಿಯ ಸ್ವೆಟರ್ ಒಳಗಿದ್ದರೆ ಸೋಲುವುದಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಸರಳ. ಬಟ್ಟೆಯನ್ನು ತುಟಿಗೆ ಒತ್ತಿಹಿಡಿದು ಊದಿದರೆ ಆಚೆಯ ಅಂಗೈಗೆ ಉಸಿರು ತಾಗುತ್ತದೆಯೇ ಎಂದು ತಿಳಿಯುತ್ತದೆ. ಜಿಪ್‌ನ ಹಿಂದೆ ಪಟ್ಟಿ ಇದೆಯೇ, ಮಣಿಕಟ್ಟು ಬಿಗಿಯಾಗುತ್ತದೆಯೇ, ಸೊಂಟದ ಅಂಚಿನಲ್ಲಿ ಎಳೆಯುವ ದಾರವಿದೆಯೇ, ಕತ್ತು ಗಲ್ಲದವರೆಗೆ ಮುಚ್ಚುತ್ತದೆಯೇ ಎಂದು ನೋಡಬೇಕು. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಗಾಳಿ ಬಾಗಿಲು ಹುಡುಕಿಕೊಂಡು ಬರುತ್ತದೆ. ಕೈ ಮೇಲೆತ್ತಿದಾಗ ಬೆನ್ನು ಕಾಣಬಾರದು. ಕಾಡಿಗಾದರೆ ಕಣ್ಣು ಕುಕ್ಕುವ ಬಣ್ಣ ಬೇಡ. ಹೊರಮೈಗೆ ಹಚ್ಚಿದ ನೀರು ಜಾರಿಸುವ ಲೇಪ ಸವೆಯುತ್ತದೆ. ಅಂಥ ಲೇಪಗಳಲ್ಲಿ ಬಳಸುತ್ತಿದ್ದ, ನೆಲದಲ್ಲಿ ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳನ್ನು ಬಟ್ಟೆಗಳಲ್ಲಿ ಕ್ಯಾಲಿಫೋರ್ನಿಯಾ 2025ರಿಂದ ನಿಷೇಧಿಸಿದೆ. ಅವಿಲ್ಲದ ಜಾಕೆಟ್ ಸಿಕ್ಕರೆ ಅದನ್ನೇ ಆರಿಸುವುದು ಒಳ್ಳೆಯದು.

ಒಂದೇ ರಸ್ತೆಯ ಮೇಲೆ

ನಾಗಪುರದಿಂದ ತಾಡೋಬಾಕ್ಕೆ ಹೋಗುವವರು ವರ್ಧಾ ರಸ್ತೆ ಹಿಡಿಯುತ್ತಾರೆ. ಊರು ದಾಟುವ ಹೊತ್ತಿಗೆ ಪಾಂಜರಿಯಲ್ಲಿ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅದು 1976ರಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲೇ, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ಅಮೆರಿಕನ್ ಮತ್ತು ಈಜಿಪ್ಟ್ ಜಾತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಉದ್ದನೆಳೆಯ ಸಂಕರ ತಳಿ ಕೊಟ್ಟಿದ್ದರು. ಅದರ ಬೆನ್ನಿಗೆ 1981ರಲ್ಲಿ ಧಾರವಾಡದಿಂದಲೇ 'ಜಯಲಕ್ಷ್ಮಿ' ಎಂಬ ಡಿ.ಸಿ.ಎಚ್.-32 ಬಂತು. ನೂರಮೂವತ್ತು ವರ್ಷದ ಹಿಂದೆ ಪರದೇಶದ ಬೀಜ ಹಂಚಿದ್ದ ಊರೇ ಈಗ ವೆಂಟೈಲ್‌ನಂಥ ಬಟ್ಟೆಗೆ ಹತ್ತಿರವಾಗುವ ಎಳೆಯನ್ನು ಬೆಳೆದು ತೋರಿಸಿತ್ತು. ಆದರೆ 2002ರ ನಂತರ ಬಿ.ಟಿ. ಹತ್ತಿಯ ಅಲೆಯಲ್ಲಿ ಮಧ್ಯಮ, ಉದ್ದ ಎಳೆಯ ತಳಿಗಳೇ ಹೊಲಗಳನ್ನು ತುಂಬಿದವು. ಅತಿ ಉದ್ದ ಎಳೆಯ ಹತ್ತಿಯನ್ನು ದೇಶ ಇಂದಿಗೂ ಈಜಿಪ್ಟ್, ಅಮೆರಿಕಗಳಿಂದ ತರಿಸಿಕೊಳ್ಳುತ್ತಿದೆ. 1986ರಲ್ಲಿ ಸರ್ಕಾರಿ ನಿಗಮದ ಕೈಗೆ ಹೋದ ಎಂಪ್ರೆಸ್ ಮಿಲ್ಸ್ 2002ರಲ್ಲಿ ಬಾಗಿಲು ಹಾಕಿತು. ಆ ನೆಲದಲ್ಲಿ ಈಗ ಅದೇ ಹೆಸರಿನ ಮಾಲ್ ಇದೆ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಬುಟಿಬೋರಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಇಂಡೋರಾಮಾ ಕಂಪನಿಯ ದೊಡ್ಡ ಪಾಲಿಯೆಸ್ಟರ್ ಕಾರ್ಖಾನೆ ಇದೆ. ಹತ್ತಿಯ ಜೊತೆ ಬೆರೆಸಿ ನೂಲಲು ಪಾಲಿಯೆಸ್ಟರನ್ನು ಸಾಮಾನ್ಯವಾಗಿ 38 ಮಿ.ಮೀ. ತುಂಡುಗಳಾಗಿ ಕತ್ತರಿಸುತ್ತಾರೆ. ಹತ್ತಿಯ ತಳಿವಿಜ್ಞಾನಿಗಳು ದಶಕಗಟ್ಟಲೆ ಬೆವರು ಹರಿಸಿ ಮುಟ್ಟಿದ ಅತ್ಯುತ್ತಮ ಉದ್ದ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ಅದು ಕತ್ತರಿಯ ಅಳತೆ.

ಬುಟಿಬೋರಿ ದಾಟಿದರೆ ಜಾಮ್‌ವರೆಗೆ, ಅಲ್ಲಿಂದ ವರೋರಾದ ಕಡೆಗೆ ಇಕ್ಕೆಲದಲ್ಲೂ ಹತ್ತಿ ಹೊಲ. ಡಿಸೆಂಬರ್ ಎಂದರೆ ಬಿಡಿಸುವ ಕಾಲ. ಬೆಳಗಿನ ಇಬ್ಬನಿ ಆರುವವರೆಗೆ ಅರಳೆ ಬಿಡಿಸುವಂತಿಲ್ಲ, ಒದ್ದೆ ಹತ್ತಿಗೆ ಬೆಲೆ ಬೀಳುತ್ತದೆ. ಸಾಫ್ಟ್‌ಶೆಲ್ ತೊಟ್ಟವರ ಗಾಡಿಗಳು ಹಾದುಹೋಗುವ ಹೊತ್ತಿಗೆ ಹೊಲದ ಬದುವಿನಲ್ಲಿ ಕೂಲಿಗೆ ಬಂದ ಹೆಂಗಸರು ಸೆರಗನ್ನು ಕಿವಿಯ ಸುತ್ತ ಬಿಗಿದುಕೊಂಡು ಬಿಸಿಲಿಗೆ ಕಾಯುತ್ತಿರುತ್ತಾರೆ. ಆ ಸೆರಗು ಕೂಡ ಬಹುತೇಕ ಪಾಲಿಯೆಸ್ಟರಿನದೇ. ತೆಳುವಾದ, ಸಡಿಲ ನೇಯ್ಗೆಯ ಆ ಬಟ್ಟೆಯ ತುಂಬ ಗಾಳಿಗೆ ದಾರಿಯಿದೆ.