ಪಟ್ಟಣದ ಹಳೆಯ ಮನೆಗಳು: ಕೋಟೆ ಮತ್ತು ಗಂಜಾಂ

ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರನ್ನು ಯಾರಾದರೂ "ನಿಮ್ಮ ಊರು ಯಾವುದು?" ಎಂದು ಕೇಳಿದರೆ ಊರಿನ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅದೇ ಊರಿನವರು ಎದುರಾದರೆ ಪ್ರಶ್ನೆ ಬದಲಾಗುತ್ತದೆ. "ಯಾವ ಬೀದಿ? ಯಾರ ಮನೆ ಪಕ್ಕ?" ಎನ್ನುತ್ತಾರೆ. ನಿಜವಾದ ವಿಳಾಸವಿರುವುದು ಈ ಎರಡನೆಯ ಪ್ರಶ್ನೆಯ ಉತ್ತರದಲ್ಲಿ. ಚರಿತ್ರೆಯ ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಮೊದಲನೆಯ ಪ್ರಶ್ನೆಗೇ ನಿಂತುಬಿಡುತ್ತವೆ.

ಕಳೆದ ಬೇಸಿಗೆಯಲ್ಲಿ ಎಲ್.ಟಿ.ಸಿ. ಪಡೆದು ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಕೋಟೆಯೊಳಗೆ ನಮ್ಮ ಸೋದರತ್ತೆಯ ಮನೆಯಿದೆ. ನಮ್ಮ ಮನೆಯಲ್ಲಿ 'ಪಟ್ಟಣ' ಎಂದರೆ ಯಾವಾಗಲೂ ಶ್ರೀರಂಗಪಟ್ಟಣವೇ. ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ. ಮಕ್ಕಳಿಗೆ ರಂಗನಾಥಸ್ವಾಮಿಯ ದರ್ಶನವಾಯಿತು. ದರಿಯಾ ದೌಲತ್, ಗುಂಬಜ್, ಟಿಪ್ಪು ಸುಲ್ತಾನ್ ಬಿದ್ದ ಜಾಗ, ಸಂಗಮ ಎಲ್ಲವನ್ನೂ ನೋಡಿ ಮುಗಿಸಿದೆವು. ಸಂಜೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಅತ್ತೆಯ ಮಗ, ನಮ್ಮ ಭಾವ, ಮೆಲ್ಲಗೆ ವಿಷಯ ತೆಗೆದರು. "ಹಿತ್ತಲ ಗೋಡೆ ಬಿರುಕು ಬಿಟ್ಟಿದೆ. ನಾವೆಲ್ಲ ಮೈಸೂರಿನಲ್ಲಿ, ಅಮ್ಮ ಒಬ್ಬರೇ ಇಲ್ಲಿ. ಕೊಟ್ಟುಬಿಡೋಣ ಅಂತಿದ್ದೀವಿ. ನೀವೇನಂತೀರಿ?"

ನಾವು ಏನನ್ನಬೇಕು? ಊರು ಬಿಟ್ಟವರಿಗೆ ಊರಿನ ಮನೆಯ ಬಗ್ಗೆ ಬುದ್ಧಿ ಹೇಳುವ ಹಕ್ಕು ಎಷ್ಟಿದೆ? ಆ ರಾತ್ರಿ ನಿದ್ದೆ ಬರಲಿಲ್ಲ. ಮುಂಬಯಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು, ಈ ಊರಿನ ಮನೆಗಳ ಬಗ್ಗೆ, ಅರಮನೆಗಳ ಬಗ್ಗೆ ಅಲ್ಲ, ಯಾರು ಏನು ಬರೆದಿದ್ದಾರೆಂದು ಹುಡುಕಿದೆವು. ದೊರೆತದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಾವೇರಿಯ ಎರಡು ಕವಲುಗಳ ನಡುವೆ ಪೂರ್ವ ಪಶ್ಚಿಮವಾಗಿ ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ ಚಾಚಿಕೊಂಡಿರುವ ದ್ವೀಪವಿದು. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ಕಡೆಗೆ ಗಂಜಾಂ, ನಡುವೆ ತೋಟ ಗದ್ದೆ. 1610ರಲ್ಲಿ ರಾಜ ಒಡೆಯರು ಮೈಸೂರಿನಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಅಂದಿನಿಂದ 1799ರ ಮೇ 4ರವರೆಗೆ, ಸುಮಾರು 190 ವರ್ಷ, ಒಡೆಯರ ಕಾಲದಲ್ಲೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ ಇದೇ ರಾಜಧಾನಿ. ಕೋಟೆಯೊಳಗಿನ ಬೀದಿಗಳು ಯಾರೂ ನಕ್ಷೆ ಬರೆದು ಹಾಕಿದವಲ್ಲ. ದೇವಸ್ಥಾನ, ಅರಮನೆ, ಮಸೀದಿ, ಮದ್ದಿನ ಮನೆಗಳ ನಡುವೆ ಸಿಕ್ಕಿದ ಜಾಗದಲ್ಲಿ ಮನೆಗಳು ಒತ್ತೊತ್ತಾಗಿ ಎದ್ದವು.

ಗಂಜಾಂ ಕಥೆ ಬೇರೆ. ಅದು ಹೊಸ ಪೇಟೆ. ಅದನ್ನು ತುಂಬಲು ಟಿಪ್ಪು ಸುಲ್ತಾನ್ ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಕರೆತಂದನೆಂದು ಗೆಜೆಟಿಯರ್ ಹೇಳುತ್ತದೆ. ಗುಮಾಸ್ತಿಕೆ ಮಾಡಿದವರಿಗೆ ಇಂಥ ಗುಂಡು ಅಂಕಿಯ ಮೇಲೆ ಸ್ವಲ್ಪ ಸಂಶಯ ಸಹಜ. ಅಂಕಿ ಹೇಗಾದರೂ ಇರಲಿ, ಮಗ್ಗ, ಅಂಗಡಿ, ಬಾವಿ, ಮನೆದೇವರ ಗುಡಿಗಳನ್ನು ಬಿಟ್ಟು, ಗಾಡಿಯಲ್ಲಿ ಪಾತ್ರೆ ಪಡಗ ಹೇರಿಕೊಂಡು ಬಂದ ಸಂಸಾರಗಳನ್ನು ನೆನೆದರೆ ನಮಗೆ, ವಿಶೇಷವಾಗಿ ವರ್ಗಾವಣೆಯ ಆರ್ಡರು ಕೈಯಲ್ಲಿ ಹಿಡಿದು ರೈಲು ಹತ್ತಿದವರಿಗೆ, ಅದು ತೀರಾ ದೂರದ ಮಾತೆನಿಸುವುದಿಲ್ಲ. ನಮಗಾದರೂ ಪ್ರಯಾಣ ಭತ್ಯೆ ಉಂಟು, ಅವರಿಗೆ ಅದೂ ಇರಲಿಲ್ಲ.

ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಲಾರ್ಡ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಅವನ ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಶ್ರೀರಂಗಪಟ್ಟಣದ ಮನೆಗಳ ಎಣಿಕೆ ಇದೆ. ಕೋಟೆಯೊಳಗೆ 4,163 ಮನೆ, 5,499 ಸಂಸಾರ. ಹೊರಗಿನ ಪೇಟೆಗಳಲ್ಲಿ 2,216 ಮನೆ, 3,335 ಸಂಸಾರ. ಮನೆಗೆ ಐದು ಜನರಂತೆ ಹಿಡಿದು, ಕೋಟೆಯಲ್ಲಿ 20,815, ಹೊರಗೆ 11,080, ಒಟ್ಟು 31,895 ಎಂದು ಲೆಕ್ಕ. ಕೋಟೆಯ ಬೀದಿಗಳು ಬಹಳ ಇಕ್ಕಟ್ಟು, ಗೊಂದಲಮಯ ಎಂದು ಅವನು ಗೊಣಗುತ್ತಾನೆ. ಗಂಜಾಂನಲ್ಲಿ ಮಾತ್ರ ಬೀದಿಗಳನ್ನು ಅಗಲವಾಗಿ, ನೇರವಾಗಿ ಹಾಕಿ ಮತ್ತೆ ಕಟ್ಟುತ್ತಿದ್ದಾರೆಂದು ಮೆಚ್ಚುತ್ತಾನೆ.

ಈ ಅಂಕಿಗಳ ಮೇಲೆ ಸ್ವಲ್ಪ ಪೆನ್ಸಿಲ್ ಆಡಿಸಿದೆವು. ಸಂಸಾರಗಳ ಸಂಖ್ಯೆ ಮನೆಗಳ ಸಂಖ್ಯೆಗಿಂತ ಹೆಚ್ಚಾಗಿರುವುದನ್ನು ಗಮನಿಸಬೇಕು. ಕೋಟೆಯಲ್ಲಿ ಮೂರು ಮನೆಗಳಿಗೆ ಸುಮಾರು ನಾಲ್ಕು ಸಂಸಾರ. ಪೇಟೆಯಲ್ಲಿ ಎರಡು ಮನೆಗಳಿಗೆ ಮೂರು ಸಂಸಾರ. ಐದನ್ನು ಮನೆಗೆ ಗುಣಿಸುವ ಬದಲು ಸಂಸಾರಕ್ಕೆ ಗುಣಿಸಿದರೆ ಒಟ್ಟು 44,170 ಆಗುತ್ತದೆ. ಯಾವುದು ಸರಿಯೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿದ್ದ ಮನೆಗಳು ಆಗಲೇ ನೂರಾರು ಇದ್ದವೆಂಬುದು ನಿರ್ವಿವಾದ. ಮುಂಬಯಿಯ ಚಾಳಿನಲ್ಲಿ ಕಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಮೇಲೆ ನಡೆದದ್ದು ಇಳಿತದ ಕಥೆ. ರಾಜಧಾನಿ ಮೈಸೂರಿಗೆ ಹೋಯಿತು. ದಿವಾನ್ ಪೂರ್ಣಯ್ಯನವರು ಉತ್ತರದ ಕವಲಿಗೆ ಕಲ್ಲಿನ ಸೇತುವೆ ಕಟ್ಟಿಸಿದರು (1804). ತಮ್ಮ ಕೊನೆಯ ದಿನಗಳನ್ನು ಇಲ್ಲಿಯೇ ಕಳೆದು 1812ರಲ್ಲಿ ತೀರಿಕೊಂಡರು. ಕಂಪನಿಯ ಸೇನೆ ಜ್ವರದ ಕಾಟ ತಾಳಲಾರದೆ 1809ರ ಸುಮಾರಿಗೆ ಬೆಂಗಳೂರಿನ ದಂಡಿಗೆ ಎದ್ದುಹೋಯಿತು. ದ್ವೀಪವೇನೋ ಕಂಪನಿಯದೇ, ಆದರೆ ವರ್ಷಕ್ಕೆ 50,000 ರೂಪಾಯಿಗೆ ಮೈಸೂರಿಗೆ ಗುತ್ತಿಗೆ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ದ್ವೀಪವೂ ಅವರಿಗೆ ಬಂತು, ಬದಲಿಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ ಹೋಯಿತು. ಊರು ಊರಿಗೇ ಅದಲು ಬದಲು!

ಅಷ್ಟರಲ್ಲಿ ಅರಮನೆಗಳನ್ನು ಬಿಚ್ಚಿದ್ದೂ ಆಗಿತ್ತು. ಊಟಿಯಲ್ಲಿ 1829ರಿಂದ 1831ರವರೆಗೆ ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿಗೆ ತೊಲೆಗಳು ಹೋದದ್ದು ಟಿಪ್ಪುವಿನ ಲಾಲ್‌ಬಾಗ್ ಅರಮನೆಯಿಂದ. ಘಟ್ಟ ಹತ್ತಿ ಊಟಿಯವರೆಗೆ ಮರ ಹೋಗಿರಬೇಕಾದರೆ, ಪಕ್ಕದ ಬೀದಿಯ ಮನೆಗಳಿಗೆ ಒಂದೆರಡು ಕಂಬ ಬಂದಿದ್ದರೆ ಆಶ್ಚರ್ಯವಿಲ್ಲ.

ಜ್ವರದ ಬಗ್ಗೆ ಎರಡು ಮಾತು. ಆಗಿನವರು ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ದಾರಿ ಕಂಡದ್ದು 1897ರಲ್ಲಿ. ಸುತ್ತಲೂ ಹೊಳೆ, ಕೋಟೆಗೆ ಕಂದಕ, ಕಂಠೀರವ ನರಸರಾಜ ಒಡೆಯರ ಕಾಲದ್ದೆನ್ನುವ ಬಂಗಾರದೊಡ್ಡಿ ನಾಲೆಯ ನೀರಿನಿಂದ ಬೆಳೆಯುವ ಗದ್ದೆ ಕಬ್ಬು, ಅದರ ಮೇಲೆ ಪಾಳುಬಿದ್ದ ಮನೆಗಳಲ್ಲಿ ನಿಂತ ಮಳೆನೀರು. ಸೊಳ್ಳೆಗೆ ಇನ್ನೇನು ಬೇಕು? ಒಂದು ಮನೆ ಖಾಲಿಯಾದರೆ ಪಕ್ಕದ ಮನೆಗೆ ಜ್ವರ, ಜ್ವರ ಬಂದರೆ ಆ ಮನೆಯೂ ಖಾಲಿ. ದರ್ಬಾರು, ದಂಡು, ವ್ಯಾಪಾರ ಮೂರೂ ಹೋದ ಊರಿಗೆ ಇದು ನಾಲ್ಕನೆಯ ಪೆಟ್ಟು. 1901ರ ಜನಗಣತಿಯಲ್ಲಿ ಉಳಿದವರು 8,584. ಬುಕಾನನ್ನನ ಕಡಿಮೆ ಲೆಕ್ಕವನ್ನೇ ಹಿಡಿದರೂ ನೂರು ವರ್ಷಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಇಲ್ಲವಾಗಿದ್ದರು.

ಹೋದವರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಮಗೆ ಸೋಜಿಗವೆನಿಸುವುದು ಆ 8,584 ಜನ. ಅವರು ಯಾಕೆ ಉಳಿದರು? ಸಂಬಳ ಕೊಡುವ ದರ್ಬಾರಿರಲಿಲ್ಲ. ಗದ್ದೆ ಇತ್ತು, ದೇವಸ್ಥಾನದ ಸೇವೆ ಇತ್ತು, ಮಸೀದಿ ಇತ್ತು, ಗಂಜಾಂನಲ್ಲಿ ಆಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯ ಕಾಲದ ಚರ್ಚಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮನೆ ಇತ್ತು. ಬಿದ್ದ ಸೂರನ್ನು ಮತ್ತೆ ಹೊದಿಸಿದರು, ನಾಡಹೆಂಚು ತೆಗೆದು ಮಂಗಳೂರು ಹೆಂಚು ಹಾಕಿದರು, ಬಾವಿಯ ಹೂಳೆತ್ತಿದರು. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಕೋಟೆಯನ್ನೇ ಸೀಳಿಕೊಂಡು ಬಂದಾಗ ಅದರ ಶಬ್ದಕ್ಕೂ ಒಗ್ಗಿಕೊಂಡರು. ಇಂದು ನಾವು ಕಾಣುವ ಊರನ್ನು ಉಳಿಸಿದವರು ಸುಲ್ತಾನರೂ ಅಲ್ಲ, ಜನರಲ್ಲುಗಳೂ ಅಲ್ಲ, ಹೆಸರಿಲ್ಲದ ಈ ಮನೆವಾರ್ತೆಯವರು.

ಸ್ಮಾರಕಗಳಿಗೆ ಇಂದು ಕಾವಲುಂಟು. ಜೋಡಿ ಹಳಿ ಹಾಕುವಾಗ ದಾರಿಗೆ ಅಡ್ಡವಾದ ಟಿಪ್ಪುವಿನ ಮದ್ದಿನ ಮನೆಯನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಆಚೆ ಜರುಗಿಸಿದರು. ಮೆಚ್ಚತಕ್ಕ ಕೆಲಸ. ಆದರೆ ವಾಸದ ಮನೆಯನ್ನು ಜರುಗಿಸುವವರು ಯಾರು? 2010ರಲ್ಲಿ ಪ್ರಾಚೀನ ಸ್ಮಾರಕಗಳ ಕಾನೂನಿಗೆ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆ ಮತ್ತೆ 200 ಮೀಟರು ನಿಯಂತ್ರಿತ ಪ್ರದೇಶ. ಹೆಜ್ಜೆಗೊಂದು ಸ್ಮಾರಕವಿರುವ ಕೋಟೆಯಲ್ಲಿ ಈ ಅಳತೆಯಿಂದ ಹೊರಗುಳಿಯುವ ಮನೆಗಳೆಷ್ಟು? ಸರ್ಕಾರಿ ನೌಕರರಾದ ನಮಗೆ ಕಾನೂನಿನ ಉದ್ದೇಶ ಅರ್ಥವಾಗುತ್ತದೆ. ಅದಿಲ್ಲದಿದ್ದರೆ ಕೋಟೆಯ ಗೋಡೆಗೇ ಆತು ಮೂರಂತಸ್ತು ಏಳುತ್ತಿತ್ತು. ಆದರೆ ಕಲ್ಲಿನ ಗೋರಿಯನ್ನು ಕಾಯುವ ಅಳತೆಕೋಲೇ ಅತ್ತೆಯ ಹಿತ್ತಲ ಗೋಡೆಗೂ ಬಂದಾಗ, ಅರ್ಜಿ ಬರೆಯುವುದಕ್ಕಿಂತ ಮನೆ ಬಿಡುವುದೇ ಸುಲಭವೆಂದು ಜನರಿಗೆ ತೋರಿದರೆ, ನೂರು ವರ್ಷದ ಜ್ವರ ಮಾಡಲಾಗದ್ದನ್ನು ಕಾಗದ ಮಾಡಿಬಿಟ್ಟೀತು. ಹಳೆಯ ವಾಸದ ಬೀದಿಗಳೂ ಪರಂಪರೆಯೇ ಎಂದು ಎಣಿಸಿ, ಅವುಗಳ ದುರಸ್ತಿಗೆ ಸುಲಭದ ದಾರಿ ಮಾಡುವುದು ಅಗತ್ಯ.

ಹೊರಡುವ ಹಿಂದಿನ ದಿನ, ಅತ್ತೆ ನಮ್ಮನ್ನು ನಡುಮನೆಗೆ ಕರೆದು ಗೋಡೆಯ ಮೂಲೆಯಲ್ಲಿದ್ದ ಮಸಿಯ ಗುರುತು ತೋರಿಸಿದ್ದರು. "ಇಲ್ಲಿ ಇನ್ನೊಂದು ಒಲೆ ಇತ್ತು ಕಣಪ್ಪ. ನಾನು ಮದುವೆಯಾಗಿ ಬಂದಾಗ ಅತ್ತಕಡೆ ಬೇರೆ ಸಂಸಾರ. ಎಲ್ಲ ಸೇರಿ ಹದಿನಾಲ್ಕು ಜನ. ಹಂಡೆ ನೀರು ಸಾಲದೆ ಹೊಳೆಗೆ ಹೋಗ್ತಿದ್ವಿ." ಅದೇ ಮನೆಯಲ್ಲಿ ಈಗ ಒಬ್ಬರು. ಬುಕಾನನ್ನನ ಲೆಕ್ಕ ಓದುವಾಗ ನಮಗೆ ಥಟ್ಟನೆ ನೆನಪಾದದ್ದು ಆ ಮಸಿಯ ಗುರುತು.

ಮನೆ ಮಾರಾಟದ ಮಾತು ಇನ್ನೂ ಮುಗಿದಿಲ್ಲ. ಬೇಡವೆನ್ನುವ ಅಧಿಕಾರ ನಮಗಿಲ್ಲ. ಆದರೆ ಭಾವನಿಗೆ ಪತ್ರ ಬರೆದು ಒಂದು ಕೆಲಸ ಒಪ್ಪಿಸಿದ್ದೇವೆ. ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಮನೆಯ ನಕ್ಷೆ ಹಾಕಿ, ಜಗಲಿ, ಪಡಸಾಲೆ, ತೊಟ್ಟಿ, ಅಟ್ಟ, ಬಾವಿ, ಎರಡೂ ಒಲೆಗಳ ಜಾಗ ಗುರುತಿಸಿ, ಯಾವ ಕೋಣೆಯಲ್ಲಿ ಯಾರಿದ್ದರು, ಎಡಬಲದ ಮನೆಯವರು ಯಾರೆಂದು ಅತ್ತೆಯನ್ನು ಕೇಳಿ ಬರೆದಿಡಿ ಎಂದು. ಅತ್ತೆಗೆ ಎಂಬತ್ತೊಂದು. ಕೇಳುವ ಕಾಲ ಇದೇ.

ಓದುಗ ಬಾಂಧವರೇ, ನಿಮ್ಮ ಊರು ಶಿರಸಿಯಾಗಿರಲಿ, ಗದಗವಾಗಿರಲಿ, ಕಾರ್ಕಳವಾಗಿರಲಿ, ಮುಂದಿನ ರಜೆಯಲ್ಲಿ ನೀವೂ ಇಷ್ಟು ಮಾಡಬಹುದು. 1800ರಲ್ಲಿ ಯಾರೋ ಬೀದಿ ಬೀದಿ ತಿರುಗಿ ಮನೆಗಳನ್ನು ಎಣಿಸಿದ್ದರಿಂದಲ್ಲವೇ ಇಂದು ನಾವು ಇಷ್ಟನ್ನಾದರೂ ಹೇಳಲು ಸಾಧ್ಯವಾದದ್ದು?